ಏಳನೇ ತೊಟ್ಟಿಯ ಷರಾ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ನಮ್ಮ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು. ಬಟ್ಟೆಗೆ ಬಣ್ಣ ಕಟ್ಟುವ ವಿಭಾಗದ ಮೀಟರು, ಸೆನ್ಸರು, ಬೀಗ ಎಲ್ಲವೂ ನನ್ನ ಸುಪರ್ದಿಯಲ್ಲಿ ಇರುವುದರಿಂದ ಬೆನ್ನ ಹಿಂದೆ ನನ್ನನ್ನು ಮೀಟರಮ್ಮ ಎನ್ನುತ್ತಾರೆ. ಎದುರಿಗೇ ಹಾಗೆ ಕರೆಯುವ ಧೈರ್ಯ ಇದ್ದದ್ದು ಒಬ್ಬನಿಗೆ, ಅವನು ನನ್ನ ತಮ್ಮ. ಏಳನೇ ತೊಟ್ಟಿಯ ಮುಚ್ಚಳ ತೆಗೆದು ಅವನು ಬಲಗೈ ಸುಟ್ಟುಕೊಂಡ ದಿನ ನಾನು ಆಸ್ಪತ್ರೆಗೆ ಓಡಿದೆ. ಕೈಗೆ ಬಿಳಿ ಬಟ್ಟೆ ಸುತ್ತಿಕೊಂಡು ಮಲಗಿದ್ದವನನ್ನು ನೋಡಿದೆ. ನೋಡಿದ ಮೇಲಾದರೂ ಬಾಯಿ ಸುಮ್ಮನಿರಬೇಕಲ್ಲ.

"ಏನೋ, ಬೀಗಕ್ಕೆ ತಂತಿ ಸಿಗಿಸಿದ್ಯಾ?" ಎಂದೆ.

ಅವನು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. "ನೀನೂ ಅದನ್ನೇ ಕೇಳ್ತೀಯಾ ಅಕ್ಕ?"

ತೊಟ್ಟಿ ಎಂದರೆ ಆಳೆತ್ತರದ ಉಕ್ಕಿನ ಹಂಡೆ. ಒಳಗೆ ಬಣ್ಣದ ನೀರು ಕೊತಕೊತ ಕುದಿಯುತ್ತದೆ, ಬಟ್ಟೆ ಅದರಲ್ಲಿ ಸುತ್ತುತ್ತದೆ. ಒಳಗಿನ ಬಿಸಿ ಅರವತ್ತು ಡಿಗ್ರಿಗಿಂತ ಕೆಳಗಿಳಿಯುವ ತನಕ ಮುಚ್ಚಳದ ಬೀಗ ಬಿಡುವುದಿಲ್ಲ, ಕೆಂಪು ದೀಪ ಉರಿಯುತ್ತಲೇ ಇರುತ್ತದೆ. ಇಳಿದ ಮೇಲೆ ಹಸಿರು ಬರುತ್ತದೆ. ಕೆಲಸ ಬೇಗ ಮುಗಿಸುವ ಹುಚ್ಚಿನಲ್ಲಿ ಹಿಂದೆ ಕೆಲವರು ಬೀಗಕ್ಕೆ ತಂತಿ ಸಿಗಿಸಿ ಬಿಸಿಯಲ್ಲೇ ಮುಚ್ಚಳ ತೆಗೆಯುತ್ತಿದ್ದರು. ಸಿಕ್ಕಿಬಿದ್ದವರನ್ನು ಕಾರ್ಖಾನೆ ಮನೆಗೆ ಕಳಿಸಿದೆ, ಅಂಥವರನ್ನು ಈ ಕಸುಬಿನಲ್ಲಿ ಬೇರೆ ಯಾರೂ ಹತ್ತಿರ ಸೇರಿಸುವುದಿಲ್ಲ. ಈಗ ಆ ಗೂಬೆಯನ್ನು ನನ್ನ ತಮ್ಮನ ತಲೆಯ ಮೇಲೆ ಕೂರಿಸಿದ್ದರು. ಸೋಮವಾರ ವಿಚಾರಣೆ, ಅಲ್ಲಿ ಬೀಗ ತಾನಾಗಿ ಹೇಗೆ ಬಿಟ್ಟಿತು ಎಂದು ತೋರಿಸದಿದ್ದರೆ ಅವನ ಕೆಲಸವೂ ಹೋಯಿತು, ಹೆಸರೂ ಹೋಯಿತು.

"ಹಸಿರು ಬಂದಿತ್ತು, ತೆಗೆದೆ. ಅಷ್ಟೇ ಅಕ್ಕ."

"ಹಸಿರು ಬಂದ್ರೂ ಪಕ್ಕದಲ್ಲೇ ಡಿಗ್ರಿ ತೋರಿಸುತ್ತಲ್ಲೋ. ಅದನ್ನ ನೋಡೋಕೆ ಏನು ರೋಗ?"

ಅವನು ಗೋಡೆಯ ಕಡೆ ತಿರುಗಿದ. "ಷರಾ ನೋಡ್ತಿದ್ದೆ" ಎಂದ.

ಇಲ್ಲಿ ಷರಾದ ಕಥೆ ಹೇಳಬೇಕು. ಪ್ರತಿ ತೊಟ್ಟಿಯ ಪರದೆಯ ಕೆಳಗೆ ಷರಾ ಎಂಬ ಒಂದು ಉದ್ದನೆಯ ಖಾನೆ ಇದೆ. ಪಾಳಿ ಮುಗಿಸಿ ಹೋಗುವವರು ಬರುವವರಿಗೆ ಒಂದು ಮಾತು ಬರೆದಿಡಲಿ ಎಂದು ಮಾಡಿದ್ದು. ಪಂಪು ಕೆಮ್ಮುತ್ತಿದೆ, ನೀಲಿ ಸ್ವಲ್ಪ ಕಡಿಮೆ ಹಾಕು, ಹೀಗೆ. ನಮ್ಮವರು ಅದರಲ್ಲಿ ಬರೆಯದ್ದು ಉಂಟೇ? ಚಹಾ ಪುಡಿ ಖಾಲಿ ಎಂದು ಬರೆದರು, ನಿನ್ನೆ ನಿಮ್ಮ ತಂಡ ಸೋತದ್ದಕ್ಕೆ ಸಂತಾಪ ಎಂದು ಬರೆದರು. ಏಳನೇ ತೊಟ್ಟಿಯಲ್ಲಿ ಒಂದು ಪಾಳಿ ನನ್ನ ತಮ್ಮನದು, ಇನ್ನೊಂದು ಪಾಳಿ ಅವನ ಹೆಂಡತಿಯದು. ಮಗಳು ಚಿಕ್ಕವಳು, ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ಒಬ್ಬರು ಮನೆಗೆ ಬಂದ ಮೇಲೆ ಇನ್ನೊಬ್ಬರು ಹೊರಡಬೇಕು, ನಡುವಿನ ಹೊತ್ತು ಪಕ್ಕದ ತೊಟ್ಟಿಯವರು ಕಣ್ಣಿಟ್ಟಿರುತ್ತಾರೆ. ಗಂಡ ಹೆಂಡತಿ ಭೇಟಿಯಾಗುತ್ತಿದ್ದದ್ದು ಬಾಗಿಲಿನಲ್ಲಿ, ಮಗುವನ್ನು ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿಗೆ ದಾಟಿಸುವಷ್ಟು ಹೊತ್ತು. ಫೋನು ಇಲ್ಲವೇ ಎನ್ನಬಹುದು. ಇದೆ. ಅದರಲ್ಲಿ ಹಾಲು, ಜ್ವರ, ಗ್ಯಾಸು, ಬಾಡಿಗೆ. ಸರಸ, ಮುನಿಸು, ತಮಾಷೆ ಎಲ್ಲ ಷರಾದಲ್ಲಿ ನಡೆಯುತ್ತಿತ್ತು. ಇಡೀ ವಿಭಾಗಕ್ಕೆ ಇದು ಗೊತ್ತಿತ್ತು. ಏಳನೇ ತೊಟ್ಟಿಯ ಷರಾವನ್ನು ಬೇರೆಯವರು ಓದುವುದಿಲ್ಲ ಎಂಬುದು ನಮ್ಮಲ್ಲಿ ಒಂದು ಮರ್ಯಾದೆಯಾಗಿತ್ತು.

ಮೊದಲೆಲ್ಲ ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕಿತ್ತು. ಈಚೆಗೆ ಈ ಪರದೆಯ ಪ್ಯಾನಲ್ ಮಾಡಿಕೊಡುವ ಕಂಪನಿಯವರು ಹೊಸ ಸಾಫ್ಟ್‌ವೇರ್ ಹಾಕಿ ನಮ್ಮ ಅಕ್ಷರಗಳನ್ನು ಕೊಟ್ಟರು. ಎಲ್ಲರಿಗೂ ಹಬ್ಬ. ನನಗೂ ಖುಷಿಯೇ ಆಗಿತ್ತು, ಸುಳ್ಳೇಕೆ ಹೇಳಲಿ.

"ಏನು ಬರೆದಿದ್ದಳೋ ಷರಾದಲ್ಲಿ?" ಎಂದು ಕೇಳಿದೆ. ಅದೆಲ್ಲ ಬೇಡ ಬಿಡಕ್ಕ ಎಂದ. ಕೈ ನೋವಿಗಿಂತ ಹೆಚ್ಚಿನದೇನೋ ಅವನ ಮುಖದಲ್ಲಿ ಇತ್ತು.

ಆಸ್ಪತ್ರೆಯಿಂದ ಸೀದಾ ಕಾರ್ಖಾನೆಗೆ ಬಂದು ಬೀಗ ಬಿಚ್ಚಿ ನೋಡಿದೆ. ತಂತಿಯ ಗೀರು ಕೂಡ ಇರಲಿಲ್ಲ. ಬಿಸಿ ಅಳೆಯುವ ಸೆನ್ಸರ್ ಸರಿಯಾಗಿತ್ತು. ಪರದೆಯಲ್ಲಿ ಎಂಜಿನಿಯರುಗಳಿಗೆಂದೇ ಇರುವ ಪುಟ ತೆರೆದರೆ ಮುಚ್ಚಳದ ಮಿತಿ ಅರವತ್ತು ಎಂದೇ ಇತ್ತು. ಅಪಘಾತ ಆದ ಕೂಡಲೇ ಯಾರೋ ಯಂತ್ರ ನಿಲ್ಲಿಸಿ ಮತ್ತೆ ಶುರು ಮಾಡಿದ್ದರು, ಶುರುವಾದಾಗಲೆಲ್ಲ ಅದು ತನ್ನ ಮೂಲ ಅಂಕಿಗಳನ್ನು ಹೊಸದಾಗಿ ತುಂಬಿಕೊಳ್ಳುತ್ತದೆ, ಷರಾ ಖಾಲಿಯಾಗುತ್ತದೆ. ಎಲ್ಲ ಸರಿಯಾಗಿದೆ ಎಂದರೆ ತಪ್ಪು ಮನುಷ್ಯನದು. ಮ್ಯಾನೇಜರರೂ ಇದನ್ನೇ ಹೇಳಿದ್ದು. ಕೆಟ್ಟ ಮನುಷ್ಯನೇನಲ್ಲ ಅವರು. "ನನ್ನ ತಲೆ ಮೇಲೂ ಜನ ಕೂತಿದ್ದಾರಮ್ಮ. ನೀವು ಅವನ ಅಕ್ಕ ಬೇರೆ. ನಿಮ್ಮ ಮಾತು ಎಷ್ಟು ನಡೆಯುತ್ತೆ ಹೇಳಿ" ಎಂದರು. ಹಲ್ಲು ಕಡಿದುಕೊಂಡು ಹೊರಗೆ ಬಂದೆ.

ಸಂಜೆ ತಮ್ಮನ ಮನೆಗೆ ಹೋದೆ. ಎರಡು ಕೋಣೆಯ ಮನೆ, ಒಣಗಿದ ಬಟ್ಟೆ ಮಡಿಸದೆ ಕುರ್ಚಿಯ ಮೇಲೆ ಬಿದ್ದಿತ್ತು. ಅವನ ಹೆಂಡತಿ ಮಗುವಿಗೆ ಅನ್ನ ಕಲಸುತ್ತಿದ್ದಳು, ತಿನ್ನಿಸುತ್ತಿರಲಿಲ್ಲ. ಸುಮ್ಮನೆ ಕಲಸುತ್ತಲೇ ಇದ್ದಳು.

"ಷರಾದಲ್ಲಿ ಏನು ಬರೆದೆ ಅಂತ ಹೇಳಮ್ಮ."

"ಅದಕ್ಕೂ ಇದಕ್ಕೂ ಏನು ಸಂಬಂಧ ಅತ್ತಿಗೆ?"

"ಇದೆಯೋ ಇಲ್ಲವೋ ನಾನು ನೋಡ್ತೀನಿ. ಅವನ ಅನ್ನಕ್ಕೇ ಕಲ್ಲು ಬೀಳ್ತಿದೆ, ನೀನು ಒಗಟು ಆಡ್ತಿದ್ದೀಯಲ್ಲ."

ಅವಳು ತಟ್ಟೆ ಕೆಳಗಿಟ್ಟಳು. ತಿಂಗಳುಗಟ್ಟಲೆ ಕಾದ ಮೇಲೆ ಇಬ್ಬರಿಗೂ ಒಂದೇ ದಿನ ರಜೆ ಸಿಕ್ಕಿತ್ತಂತೆ. ಆ ದಿನ ತೊಟ್ಟಿಯ ರಿಪೇರಿ ಇದೆ, ನಾನೇ ಇರುತ್ತೇನೆ ಎಂದು ಇವನು ಒಪ್ಪಿಕೊಂಡು ಬಂದುಬಿಟ್ಟಿದ್ದ. ಅವಳಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಪಾಳಿ ಮುಗಿಯುವಾಗ ಷರಾದಲ್ಲಿ ಬರೆದಳು, ಬಾಗಿಲಿನಲ್ಲಿ ಮುಖ ಊದಿಸಿಕೊಂಡು ಮಗುವನ್ನು ತೆಗೆದುಕೊಂಡಳು, ಒಂದು ಮಾತಿಲ್ಲ. ಅವನು ಹೋಗಿ ಅದನ್ನು ಓದಿದ. ಕೈ ಸುಟ್ಟುಕೊಂಡ.

"ಏನು ಬರೆದೆ?"

"ನೀವು ಈ ತೊಟ್ಟಿ ಜೊತೆನೇ ಸಂಸಾರ ಮಾಡ್ಕೊಳ್ಳಿ" ಎಂದಳು. "ಅದನ್ನ ಓದಿ ಅವರ ತಲೆ ಕೆಟ್ಟಿರುತ್ತೆ ಅತ್ತಿಗೆ. ಅದಕ್ಕೇ ಡಿಗ್ರಿ ನೋಡಿಲ್ಲ. ನಾನೇ ಸುಟ್ಟ ಹಾಗಾಯ್ತು."

ಹುಚ್ಚಿ ಎಂದು ಬೈದು, ಮಗುವಿನ ಬಾಯಿಗೆ ನಾನೇ ನಾಲ್ಕು ತುತ್ತು ಇಟ್ಟು ಎದ್ದು ಬಂದೆ. ಆದರೆ ದಾರಿಯುದ್ದಕ್ಕೂ ಒಂದು ಮಾತು ಕೊರೆಯುತ್ತಲೇ ಇತ್ತು. ತಲೆ ಕೆಟ್ಟವನು ಡಿಗ್ರಿ ನೋಡದೆ ಇರಬಹುದು, ಸರಿ. ದೀಪ ಯಾಕೆ ಹಸಿರಾಗಬೇಕು? ದೀಪಕ್ಕೇನು ಹೆಂಡತಿ ಬೈದಿದ್ದಳೇ?

ಮರುದಿನ ಏಳನೇ ತೊಟ್ಟಿ ಖಾಲಿ ನಿಂತಿತ್ತು. ಅಪಘಾತದ ದಿನ ಮಾಮೂಲಿಗಿಂತ ಬೇರೆಯಾಗಿ ನಡೆದದ್ದು ಏನಾದರೂ ಇದ್ದರೆ ಆ ಬೈಗುಳ ಒಂದೇ. ನಾನೂ ಷರಾ ತೆರೆದು ಮ್ಯಾನೇಜರರ ಮೇಲಿನ ಸಿಟ್ಟನ್ನೆಲ್ಲ ನಮ್ಮ ಅಕ್ಷರದಲ್ಲಿ, ಖಾನೆ ಇನ್ನು ಸಾಕು ಎನ್ನುವ ತನಕ ತುಂಬಿದೆ. ಆಮೇಲೆ ಎಂಜಿನಿಯರುಗಳ ಪುಟಕ್ಕೆ ಹೋಗಿ ನೋಡಿದರೆ ಅರವತ್ತು ಇರಬೇಕಾದ ಕಡೆ ಸಾಲುದ್ದ ಒಂದು ಸಂಖ್ಯೆ ಕೂತಿತ್ತು. ಕೋಟಿಯೋ ನೂರು ಕೋಟಿಯೋ. ಕಣ್ಣುಜ್ಜಿಕೊಂಡೆ. ಷರಾ ಅಳಿಸಿ, ಯಂತ್ರ ನಿಲ್ಲಿಸಿ, ಮತ್ತೆ ಶುರು ಮಾಡಿದೆ. ಅರವತ್ತು. ಇಂಗ್ಲಿಷ್ ಅಕ್ಷರದಲ್ಲಿ ಖಾನೆ ತುಂಬಿಸಿದೆ. ಆಗಲೂ ಅರವತ್ತೇ. ನಮ್ಮ ಅಕ್ಷರದಲ್ಲಿ ತುಂಬಿಸಿದೆ. ಕೋಟಿ.

ನೋಡಿದ್ದು ನಾನು, ಯಾಕೆ ಎಂದು ನನಗೆ ತಿಳಿಯಲಿಲ್ಲ. ಅದನ್ನು ತಿಳಿಸಿದ್ದು ಪ್ಯಾನಲ್ ಕಂಪನಿಯ ಒಬ್ಬ ಎಂಜಿನಿಯರ್. ಫೋನಿನಲ್ಲಿ ನಿಧಾನಕ್ಕೆ ಮಾತನಾಡುವ ಹೆಂಗಸು. ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಫೋನು ಮಾಡಿದ್ದೆ, ಅವರು ಜಗಳಕ್ಕೆ ಬರಲಿಲ್ಲ. ನಾನು ಹೇಳಿದ್ದನ್ನು ತಮ್ಮಲ್ಲೂ ಮಾಡಿ ನೋಡಿದರು. ಆ ಕಡೆ ಕೀಲಿ ಒತ್ತುವ ಸದ್ದು ಕೇಳುತ್ತಿತ್ತು.

"ಮೇಡಂ, ನಿಮ್ಮಲ್ಲಿ ಟಿಫಿನ್ ಡಬ್ಬಿ ಇಡೋ ಶೆಲ್ಫ್ ಇದೆಯಾ?" ಎಂದರು ಕೊನೆಗೆ.

"ಇದೆ. ಯಾಕೆ?"

"ನಡುವೆ ಗೋಡೆ ಇಲ್ಲದ ಶೆಲ್ಫ್ ಅಂದ್ಕೊಳ್ಳಿ. ಷರಾಕ್ಕೆ ಒಂದು ಜಾಗ ಗುರುತು ಮಾಡಿದ್ದೀವಿ. ಪಕ್ಕದಲ್ಲಿ ಸ್ವಲ್ಪ ಖಾಲಿ ಬಿಟ್ಟಿದೆ, ಆಚೆಗೆ ಮುಚ್ಚಳದ ಮಿತಿ ಇದೆ. ನಮ್ಮ ಪ್ರೋಗ್ರಾಮ್ ನಲವತ್ತು ಅಕ್ಷರಕ್ಕಿಂತ ಹೆಚ್ಚು ಬಿಡಲ್ಲ. ಆದ್ರೆ ಅದು ಅಕ್ಷರ ಎಣಿಸುತ್ತೆ, ಜಾಗ ಎಣಿಸಲ್ಲ. ಇಂಗ್ಲಿಷಿನ ಒಂದು ಅಕ್ಷರ ಒಂದು ಜಾಗ ತಗೊಂಡ್ರೆ ನಮ್ಮದು ಮೂರು ತಗೊಳ್ಳುತ್ತೆ. ಒತ್ತು, ಕೊಂಬು, ಎಲ್ಲಕ್ಕೂ ಬೇರೆ ಬೇರೆ ಮೂರು. ಚಿಕ್ಕ ಮಾತಾದ್ರೆ ಖಾಲಿ ಜಾಗದಲ್ಲಿ ಚೆಲ್ಲಿ ಸುಮ್ನಾಗುತ್ತೆ, ಯಾರಿಗೂ ಗೊತ್ತಾಗಲ್ಲ. ಉದ್ದ ಮಾತಾದ್ರೆ ಪಕ್ಕದ ಡಬ್ಬಿ ಮೇಲೇ ಕೂರುತ್ತೆ. ಯಂತ್ರ ಆ ಮಾತಿನ ಬಾಲವನ್ನೇ ಮಿತಿ ಅಂತ ಓದ್ಕೊಳ್ಳುತ್ತೆ. ಕೋಟಿ ಡಿಗ್ರಿಗಿಂತ ಕಡಿಮೆ ಇದೆ, ಮುಚ್ಚಳ ತೆಗಿ ಅನ್ನುತ್ತೆ."

"ಇಷ್ಟು ಚಿಕ್ಕ ತಪ್ಪಿಗೆ..." ಎಂದೆ.

"ಚಿಕ್ಕದಲ್ಲ ಮೇಡಂ. ನಿಮ್ಮ ಆಫೀಸಿನ ಯಾವ ಕಂಪ್ಯೂಟರಿನಿಂದ ಬೇಕಾದ್ರೂ ಆ ಷರಾಕ್ಕೆ ಬರೀಬಹುದು. ಗೊತ್ತಿರೋ ಕಳ್ಳ ಯಾರಾದ್ರೂ ಬೇಕಂತಲೇ ಅಳತೆ ನೋಡಿ ಬರೆದ್ರೆ ಮುಚ್ಚಳ ಏನು, ತೊಟ್ಟಿಯನ್ನೇ ತಾನು ಹೇಳಿದ ಹಾಗೆ ಕುಣಿಸಬಹುದು. ಇದೇ ಪ್ಯಾನಲ್ ಎಷ್ಟೋ ಕಾರ್ಖಾನೇಲಿದೆ." ಅವರ ದನಿ ಸಣ್ಣಗಾಯಿತು. "ನಿಮ್ಮ ತಮ್ಮನ ಕೈ ಹೇಗಿದೆ?"

ಆ ಒಂದು ಪ್ರಶ್ನೆಗೆ ನನ್ನ ಸಿಟ್ಟು ಇಳಿದುಹೋಯಿತು. ತಪ್ಪು ಪ್ಯಾನಲಿನದು ಎಂದು ಬರೆದುಕೊಡುತ್ತೇನೆ, ಆದರೆ ನಮ್ಮ ಮೇಲಿನವರು ಒಪ್ಪಲು ವಾರಗಳೇ ಹಿಡಿಯಬಹುದು ಎಂದರು. ನನಗೆ ಇದ್ದದ್ದು ಸೋಮವಾರದ ತನಕ.

ಮ್ಯಾನೇಜರರು ಕೇಳಿಸಿಕೊಂಡರು. ಕೇಳಿಸಿಕೊಂಡು ತಲೆ ಅಲ್ಲಾಡಿಸಿದರು. "ಮೀಟರು ನಿಮ್ಮ ಕೈಯಲ್ಲಿ, ಪುಟ ನಿಮ್ಮ ಕೈಯಲ್ಲಿ. ನೀವು ಮಾಡಿ ತೋರಿಸಿದ್ರೆ ಮೇಲಿನವರು ಏನಂತಾರೆ? ಅಕ್ಕ ಏನೋ ಕೈಚಳಕ ಮಾಡಿದ್ಲು ಅಂತಾರೆ. ಅವತ್ತು ಬರೆದವರೇ ಬಂದು, ಅವತ್ತು ಬರೆದಿದ್ದನ್ನೇ ಬರೀಲಿ. ಬಿಸಿ ನೀರು ತುಂಬಿಸಿ. ನೀವು ದೂರ ನಿಲ್ಲಿ."

ತಮ್ಮನ ಹೆಂಡತಿಯ ಮಾತನ್ನು ಊರ ಮುಂದೆ ಬರೆಸಬೇಕು ಎಂದಾಯಿತು. ಅವಳ ಮನೆಗೆ ಹೋದೆ. ಕೇಳಿದೆ.

"ಅದನ್ನೇ ಬರೀಬೇಕಾ ಅತ್ತಿಗೆ? ಬೇರೆ ಏನಾದ್ರೂ ಅಷ್ಟೇ ಉದ್ದದ್ದು?"

"ಅದನ್ನೇ ಅಂತಿದ್ದಾರೆ ಕಣೇ."

"ಬರ್ತೀನಿ" ಎಂದಳು.

ಸೋಮವಾರ ಏಳನೇ ತೊಟ್ಟಿಗೆ ಬರೀ ನೀರು ತುಂಬಿಸಿ ಕಾಯಿಸಿದೆವು. ಮ್ಯಾನೇಜರರು, ಮೇಲಿನ ಆಫೀಸಿನಿಂದ ಬಂದ ಇಬ್ಬರು, ಸುತ್ತ ಕೆಲಸದವರು. ತಮ್ಮ ಕೈಯನ್ನು ಎದೆಗೆ ಕಟ್ಟಿಕೊಂಡು ಕಂಬದ ಪಕ್ಕ ನಿಂತಿದ್ದ. ಡಿಗ್ರಿ ತೊಂಬತ್ತು ದಾಟಿತು, ಕೆಂಪು ದೀಪ ಉರಿಯುತ್ತಿತ್ತು. ಮ್ಯಾನೇಜರರು ತಾವೇ ಹಿಡಿಕೆ ಎಳೆದು ನೋಡಿದರು, ಬೀಗ ಬಿಡಲಿಲ್ಲ. ಅವಳು ಮುಂದೆ ಬಂದಳು. ಸೆರಗಿನಲ್ಲಿ ಬೆರಳು ಒರೆಸಿಕೊಂಡು ಒಂದೊಂದೇ ಅಕ್ಷರ ಒತ್ತಿದಳು. ಎಲ್ಲರ ಕಣ್ಣೂ ಪರದೆಯ ಮೇಲೆ. ತೊಟ್ಟಿ ಜೊತೆನೇ ಸಂಸಾರ ಎಂಬಲ್ಲಿಗೆ ಬಂದಾಗ ಹಿಂದೆ ಯಾರೋ ಕಿಸಕ್ಕೆಂದರು, ನಾನು ತಿರುಗಿ ನೋಡಿದ ನೋಟಕ್ಕೆ ಬಾಯಿ ಮುಚ್ಚಿದರು. ಕೊನೆಯ ಅಕ್ಷರ ಒತ್ತಿ ಅವಳು ಕೈ ತೆಗೆದಳು.

ಟಕ್ ಎಂದಿತು ಬೀಗ. ದೀಪ ಹಸಿರಾಯಿತು. ಡಿಗ್ರಿ ತೊಂಬತ್ತರ ಮೇಲೇ ಇತ್ತು.

ಮ್ಯಾನೇಜರರು ಹಿಡಿಕೆಗೆ ಚಾಚಿದ್ದ ಕೈಯನ್ನು ನಿಧಾನಕ್ಕೆ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ತಮ್ಮನ ಹತ್ತಿರ ಹೋಗಿ, "ಗುಣವಾದ ಮೇಲೆ ಕೆಲಸಕ್ಕೆ ಬಾರಪ್ಪ" ಎಂದರು. ಅವನ ಭುಜ ಮುಟ್ಟಿದರು. ಮೇಲಿನ ಆಫೀಸಿನವರಲ್ಲಿ ಒಬ್ಬ ಮಾತ್ರ, ಹಾಗಾದರೆ ಎಲ್ಲರೂ ಇಂಗ್ಲಿಷಿನಲ್ಲೇ ಬರೆಯಲಿ, ತೊಂದರೆ ಮುಗೀತಲ್ಲ ಎಂದ. ಮುಗಿಯುವುದಿಲ್ಲ ಸ್ವಾಮಿ, ಕಳ್ಳನಿಗೆ ಯಾವ ಭಾಷೆಯಾದರೂ ಆದೀತು ಎಂದೆ.

ನನಗೆ ಕುಣಿಯಬೇಕು ಎನಿಸಿತ್ತು. ಅವಳು ಎಲ್ಲಿ ಎಂದು ನೋಡಿದರೆ ಬಟ್ಟೆ ಉರುಳೆಗಳ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದಳು.

"ಗೆದ್ವಲ್ಲೇ, ಅಳ್ತೀಯಲ್ಲ."

"ಇಷ್ಟು ದಿನ ಅವರ ಗಮನ ತಪ್ಪಿತು ಅಂದ್ಕೊಂಡಿದ್ದೆ ಅತ್ತಿಗೆ. ಈಗ ನೋಡಿದ್ರೆ ಮುಚ್ಚಳ ತೆಗೆದಿದ್ದೇ ನನ್ನ ಮಾತು. ಕಣ್ಣಾರೆ ನೋಡಿದೆ."

ಅವಳ ಪಕ್ಕದಲ್ಲಿ ಕೂತೆ. ಗಂಡನನ್ನು ಬೈಯುವ ಹಕ್ಕು ಅವಳಿಗಿದೆ. ಅವಳ ಬೈಗುಳ ಎಷ್ಟು ಜಾಗ ಹಿಡಿಯುತ್ತದೆ ಎಂದು ಅಳೆಯಬೇಕಾದದ್ದು ಆ ಖಾನೆ ಮಾಡಿದವರು. ಇಷ್ಟು ಸರಳವಾದದ್ದನ್ನು ಹೇಳಿದೆ, ಎರಡು ಸಲ ಹೇಳಿದೆ. ಅವಳು ಹೂಂ ಎಂದಳು, ಒಳಗೆ ಇಳಿಯಲಿಲ್ಲ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಆಮೇಲಿನ ಕೆಲಸವೆಲ್ಲ ನನ್ನದು. ಅವತ್ತೇ ಎಲ್ಲ ತೊಟ್ಟಿಗಳ ಷರಾ ಮುಚ್ಚಿದೆವು. ಆಫೀಸಿನ ಕಂಪ್ಯೂಟರುಗಳಿಂದ ತೊಟ್ಟಿಗಳಿಗೆ ಬರುತ್ತಿದ್ದ ತಂತಿ ಕಿತ್ತೆವು, ಈಗ ನಡುವೆ ಒಂದು ಕಾವಲು ಪೆಟ್ಟಿಗೆ ಇದೆ, ಗುರುತಿಲ್ಲದ ಮಾತನ್ನು ಅದು ಒಳಗೆ ಬಿಡುವುದಿಲ್ಲ. ಪ್ರತಿ ಮುಚ್ಚಳಕ್ಕೂ ನಾನೇ ಇನ್ನೊಂದು ಬೀಗ ಹಾಕಿದೆ. ಅದಕ್ಕೆ ಸಾಫ್ಟ್‌ವೇರೂ ಇಲ್ಲ, ಅಕ್ಷರಜ್ಞಾನವೂ ಇಲ್ಲ. ಬಿಸಿಗೆ ಬಾಗುವ ಒಂದು ಲೋಹದ ತುಂಡು, ಬಾಗಿರುವ ತನಕ ಬ್ರಹ್ಮ ಬಂದರೂ ಮುಚ್ಚಳ ತೆರೆಯದು. ಕಂಪನಿಯ ಹೊಸ ಸಾಫ್ಟ್‌ವೇರ್ ಬಂದಾಗ ಮೊದಲು ಒಂದೇ ತೊಟ್ಟಿಗೆ ಹಾಕಿ, ಖಾನೆಗೆ ಬಾಯಿಗೆ ಬಂದದ್ದನ್ನೆಲ್ಲ ತುಂಬಿಸಿ ನೋಡಿದೆ. ಈಗ ಅದು ಜಾಗವನ್ನೇ ಎಣಿಸುತ್ತದೆ, ತುಂಬಿದ ಕೂಡಲೇ ಕುಂಯ್ ಎಂದು ನಿಲ್ಲಿಸಿಬಿಡುತ್ತದೆ. ಅದೇ ಪ್ಯಾನಲ್ ಇರುವ ಕಾರ್ಖಾನೆಗಳಿಗೆಲ್ಲ ಕಂಪನಿ ಎಚ್ಚರಿಕೆಯನ್ನೂ ಕಳಿಸಿತು.

ತಮ್ಮ ಕೆಲಸಕ್ಕೆ ಮರಳಿದ. ಕೈ ಮೇಲೆ ಮೊಣಕೈ ತನಕ ಹೊಳೆಯುವ ಹೊಸ ಚರ್ಮ. ಷರಾಗಳು ಮತ್ತೆ ತೆರೆದವು, ಚಹಾ ಪುಡಿ ಖಾಲಿ ಎಂದು ಯಾರೋ ಬರೆದರು. ಏಳನೇ ತೊಟ್ಟಿಯ ಷರಾ ಮಾತ್ರ ಖಾಲಿ ಇತ್ತು. ಇವನು ಬರೆಯುತ್ತಿದ್ದ. ಪಾಳಿ ಮುಗಿಸುವಾಗಲೆಲ್ಲ ಏನೋ ಒಂದು ಚಿಕ್ಕ ತಮಾಷೆ. ಅವಳು ಓದಿ ಅಳಿಸುತ್ತಿದ್ದಳು, ತಿರುಗಿ ಏನೂ ಬರೆಯುತ್ತಿರಲಿಲ್ಲ. ಮರುದಿನ ಬಂದು ಇವನು ಖಾಲಿ ಖಾನೆಯ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದ.

"ಮನೇಲಿ ಮಾತಾಡ್ತಾಳೇನೋ?" ಎಂದು ಕೇಳಿದೆ.

"ಹಾಲು ತಂದಿದ್ದೀನಿ ಅಂತಾಳೆ. ಮಗು ಮಲಗಿದೆ ಅಂತಾಳೆ" ಎಂದ. "ಬೈಯೋದನ್ನೇ ಬಿಟ್ಟುಬಿಟ್ಟಿದ್ದಾಳೆ ಅಕ್ಕ."

ಒಂದು ದಿನ ಅವಳ ಪಾಳಿಯ ಕೊನೆಯಲ್ಲಿ ಹೋಗಿ ಎದುರಿಗೆ ನಿಂತೆ. ತೊಟ್ಟಿ ಕುದಿಯುತ್ತಿತ್ತು, ದೀಪ ಕೆಂಪಾಗಿತ್ತು.

"ಬರಿ" ಎಂದೆ.

"ಬೇಡ ಅತ್ತಿಗೆ. ಬರೆಯೋಕೆ ಕೈಯೇ ಏಳಲ್ಲ."

"ಅವತ್ತಿಂದೇ ಬರಿ. ತೊಟ್ಟಿ ಜೊತೆ ಸಂಸಾರ. ನಾನು ಇಲ್ಲೇ ಇದ್ದೀನಿ. ಬರೀದೆ ಮನೆಗೆ ಹೋಗೋ ಹಾಗಿಲ್ಲ."

ನನ್ನ ಹಟ ಅವಳಿಗೆ ಗೊತ್ತು. ಒತ್ತತೊಡಗಿದಳು. ಕಣ್ಣು ಖಾನೆಯ ಮೇಲಿರಲಿಲ್ಲ, ದೀಪದ ಮೇಲಿತ್ತು. ನೀವು ಈ ತೊಟ್ಟಿ ಎಂದು ಬರೆದಾಯಿತು, ಮುಂದೆ ಒಂದು ಜ ಬಂತು. ಕುಂಯ್. ಖಾನೆ ನಿಂತುಬಿಟ್ಟಿತು. ಅವಳು ಮತ್ತೆ ಒತ್ತಿದಳು, ಮತ್ತೆ ಕುಂಯ್. ಜೋರಾಗಿ ಒತ್ತಿದಳು, ಐದೂ ಬೆರಳಿನಿಂದ ಒತ್ತಿದಳು. ಅದು ಕುಂಯ್ ಕುಂಯ್ ಎನ್ನುತ್ತಲೇ ಇತ್ತು, ದೀಪ ಕೆಂಪಗೇ ಇತ್ತು, ಬೀಗ ಮಿಸುಕಲಿಲ್ಲ. ಅವಳು ಹಿಡಿಕೆ ಹಿಡಿದು ಎಳೆದೂ ನೋಡಿದಳು. ಆಮೇಲೆ ನನ್ನ ಭುಜಕ್ಕೆ ಹಣೆ ಆನಿಸಿ ಅತ್ತಳೋ ನಕ್ಕಳೋ, ನನಗೆ ತಿಳಿಯಲಿಲ್ಲ. ನಾನು ಅವಳ ಬೆನ್ನು ಸವರುತ್ತ ನಿಂತೆ. ಇವಳನ್ನು ನಾನು ಎಷ್ಟು ಪ್ರೀತಿಸುತ್ತೇನೆ ಎಂದು ಅಲ್ಲಿಯ ತನಕ ನನಗೇ ಗೊತ್ತಿರಲಿಲ್ಲ.

"ಅರ್ಧ ಬೈಗುಳಾನೂ ಹಿಡಿಸಲ್ಲ ಅತ್ತಿಗೆ ಇದು" ಎಂದಳು ಮೂಗು ಒರೆಸಿಕೊಂಡು.

"ಹಿಡಿಸಿದಷ್ಟು ಇಲ್ಲಿ ಬರಿ."

ಅವಳು ಎಲ್ಲ ಅಳಿಸಿದಳು. ಯೋಚಿಸಿ ಮತ್ತೆ ಬರೆದಳು. ಆ ಷರಾ ಬೇರೆಯವರು ಓದುವುದಿಲ್ಲ ಎಂಬ ಮರ್ಯಾದೆ ಮುರಿಯಬಾರದೆಂದು ನಾನು ಮುಖ ತಿರುಗಿಸಿಕೊಂಡೆ. ಬರೆದು ಮುಗಿಸಿ, ಎಂದೂ ಇಲ್ಲದ ಬಿರುಸಿನಲ್ಲಿ ಗೇಟಿನ ಕಡೆ ನಡೆದಳು.

ಅಂದು ತಮ್ಮ ಪಾಳಿಗೆ ತಡವಾಗಿ ಬಂದ. ಅವನು ತಡ ಮಾಡಿದವನೇ ಅಲ್ಲ, ಪಕ್ಕದ ತೊಟ್ಟಿಯವನು ಆಗಲೇ ಗೊಣಗಲು ಶುರು ಮಾಡಿದ್ದ. ಇವನು ಓಡುತ್ತ ಬಂದು ಮೊದಲು ಡಿಗ್ರಿ ನೋಡಿದ, ಆಮೇಲೆ ದೀಪ, ಆಮೇಲೆ ಷರಾ. ಷರಾದ ಮುಂದೆ ನಿಂತವನು ಹೊಸ ಚರ್ಮದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡ. ನಾನು ಹತ್ತಿರ ಹೋದೆ. ಮರ್ಯಾದೆ ಗಿರ್ಯಾದೆ ಮರೆತು ಓದಿಯೇಬಿಟ್ಟೆ. ಕೈ ಹುಷಾರು ಎಂದಿತ್ತು.

"ಯಾಕೋ ಇಷ್ಟು ಲೇಟು?"

"ಬಾಗಿಲಲ್ಲಿ ಹಿಡ್ಕೊಂಡು ಬೈದಳು ಅಕ್ಕ. ಆ ರಜೆ ವಿಷಯ ಶುರು ಮಾಡಿದ್ಲು, ಮದುವೆ ದಿನದ ತನಕ ಹೋದ್ಲು. ಮಗು ಕಂಕುಳಲ್ಲೇ ನಿದ್ದೆ ಹೋಯ್ತು" ಎಂದ. ಅವನ ಕಣ್ಣು ತುಂಬಿತ್ತು. "ಪೂರ್ತಿ ಕೇಳಿಸ್ಕೊಂಡು ಬಂದೆ."

ತಡವಾಗಿ ಬಂದದ್ದಕ್ಕೆ ನಾನೂ ಒಂದಿಷ್ಟು ಬೈದು, ನನ್ನ ಮೀಟರುಗಳ ಕಡೆ ಹೋದೆ.